ಹಳೇ ಗ್ರಾಹಕರಿಗೆ ಬ್ಯಾಂಕಿನಲ್ಲಿ ಬೇರೆ ಬಡ್ಡಿ ಇಲ್ಲ: ಎಸ್‌ಬಿ ಖಾತೆಯಲ್ಲಿ ಮಲಗಿದ ದುಡ್ಡನ್ನು ಎಬ್ಬಿಸುವುದು ಹೇಗೆ?

ಉಡುಪಿಯಲ್ಲಿ ಅಮ್ಮನ ಹೆಸರಿನಲ್ಲಿ ಒಂದು ಎಸ್‌ಬಿ (ಉಳಿತಾಯ) ಖಾತೆ ಉಂಟು. ಮೂವತ್ತು ವರ್ಷ ದಾಟಿತು. ಯಾವ ಬ್ಯಾಂಕ್ ಅಂತ ಹೇಳುವುದಿಲ್ಲ, ಬೇರೆ ಬ್ಯಾಂಕ್ ಆಗಿದ್ದರೂ ಕಥೆ ಹೆಚ್ಚುಕಡಿಮೆ ಇದೇ. ಕಳೆದ ಸಲ ಊರಿಗೆ ಹೋದಾಗ ಪಾಸ್‌ಬುಕ್ ಮೇಜಿನ ಮೇಲಿತ್ತು, ಸುಮ್ನೆ ತಿರುವಿ ನೋಡಿದೆ. 3 ಲಕ್ಷದ ಒಂದು ಎಫ್‌ಡಿ ಅವಧಿ ಮುಗಿದು ಖಾತೆಗೆ ಬಂದು ಬಿದ್ದಿತ್ತು. ಬಿದ್ದು ಏಳು ತಿಂಗಳಾಗಿತ್ತು. ಎಫ್‌ಡಿ ಫಾರ್ಮಿನಲ್ಲಿ ‘ಅವಧಿ ಮುಗಿದ ಮೇಲೆ ಖಾತೆಗೆ ಜಮಾ’ ಅನ್ನುವ ಕಡೆ ಯಾರೋ ಟಿಕ್ ಹಾಕಿದ್ದರು, ಅಷ್ಟೇ.

"ಅವರೇ ಫೋನ್ ಮಾಡ್ತಾರೆ ಅಂತ ಗ್ರಹಿಸಿದ್ದೆ, ಇಷ್ಟು ವರ್ಷದ ಗುರ್ತ ಅಲ್ವಾ" ಅಂದರು ಅಮ್ಮ.

ಫೋನ್ ಬಂದಿರಲಿಲ್ಲ ಅಂತಲ್ಲ. ಎರಡು ಸಲ ಬಂದಿತ್ತು. "ಎಫ್‌ಡಿಗಿಂತ ಒಳ್ಳೆ ಸ್ಕೀಮ್ ಉಂಟು ಅಮ್ಮ, ಒಮ್ಮೆ ಬ್ರಾಂಚಿಗೆ ಬನ್ನಿ" ಅಂತ. ಆ ಸ್ಕೀಮ್ ಅಂದರೆ ಇನ್ಶೂರೆನ್ಸ್ ಪಾಲಿಸಿ. ದುಡ್ಡು ಸುಮ್ಮನೆ ಬಿದ್ದಿದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ಆಯ್ತಲ್ಲ.

ಲೆಕ್ಕ ಹಾಕಿ. 3 ಲಕ್ಷಕ್ಕೆ ಎಸ್‌ಬಿ ಖಾತೆಯ 2.5 ಪರ್ಸೆಂಟಿನಂತೆ ಏಳು ತಿಂಗಳಿಗೆ ಸಿಗುವುದು 4,375 ರೂಪಾಯಿ. ಅದೇ ದುಡ್ಡು 6 ಪರ್ಸೆಂಟಿನ ಎಫ್‌ಡಿಯಲ್ಲಿ ಇದ್ದಿದ್ದರೆ 10,500. ಕಳೆದುಕೊಂಡದ್ದು 6,125 ರೂಪಾಯಿ. ದಿನದ ಲೆಕ್ಕಕ್ಕೆ ತಂದರೆ ಎಸ್‌ಬಿ ಖಾತೆಯಲ್ಲಿರುವ 3 ಲಕ್ಷ ದುಡಿಯುವುದು ದಿನಕ್ಕೆ ಇಪ್ಪತ್ತೂವರೆ ರೂಪಾಯಿ. ಒಂದು ಪ್ಲೇಟ್ ಗೋಳಿಬಜೆಗೂ ಸಾಲದು.

ಅಮ್ಮನಿಗೆ ಮಾಡಿಕೊಟ್ಟ ಕೆಲಸವನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಅದಕ್ಕೂ ಮುಂಚೆ ಈ ಬಡ್ಡಿ ಯಾಕೆ ಹೀಗೆ ಇಳಿಯಿತು ಅಂತ ಸ್ವಲ್ಪ ನೋಡೋಣ. ಅದು ಗೊತ್ತಿಲ್ಲದಿದ್ದರೆ "ಪುನಃ ಏರುತ್ತದೆ ಬಿಡಿ" ಅಂತ ಕಾಯುತ್ತಾ ಕೂರುತ್ತೇವೆ.

ಇಳಿಯುವಾಗ ಇಳಿಯುತ್ತದೆ, ಏರುವಾಗ ಏರುವುದಿಲ್ಲ

2011ರವರೆಗೆ ಎಸ್‌ಬಿ ಖಾತೆಯ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. ತುಂಬಾ ವರ್ಷ 3.5 ಇತ್ತು, 2011ರ ಮೇ ತಿಂಗಳಲ್ಲಿ 4 ಆಯಿತು. ಅದೇ ವರ್ಷ ಅಕ್ಟೋಬರ್ 25ರಂದು, ಇನ್ನು ನಿಮ್ಮ ಬಡ್ಡಿ ನೀವೇ ನಿರ್ಧರಿಸಿ ಅಂತ ಬ್ಯಾಂಕುಗಳಿಗೆ ಬಿಟ್ಟುಕೊಟ್ಟಿತು. ಪೈಪೋಟಿ ಬರುತ್ತದೆ, ಬಡ್ಡಿ ಏರುತ್ತದೆ ಅಂತ ಎಲ್ಲರೂ ಅಂದುಕೊಂಡರು. ಕೆಲವು ಖಾಸಗಿ ಬ್ಯಾಂಕುಗಳು ಏರಿಸಿದವು ಕೂಡ. ದೊಡ್ಡವರು ಅಲುಗಾಡಲಿಲ್ಲ.

ಎಸ್‌ಬಿಐ ಲೆಕ್ಕ ನೋಡಿ. 2017ರ ಜುಲೈ 31ರಂದು 4ರಿಂದ 3.5ಕ್ಕೆ ಇಳಿಸಿತು. 2020ರ ಮೇ ಕೊನೆಗೆ 2.7 ಆಯಿತು. ಆಮೇಲೆ ನಡೆದದ್ದು ಮಜಾ ಇದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 4ರಿಂದ 6.5ಕ್ಕೆ ತಂದಿತು. ಸಾಲದ ಕಂತು ಏರಿತು, ಎಫ್‌ಡಿ ಬಡ್ಡಿ ಏರಿತು. ಎಸ್‌ಬಿ ಖಾತೆಯ ಬಡ್ಡಿ ಮಾತ್ರ ಅದೇ 2.7ರಲ್ಲಿ ಕೂತಿತ್ತು. ಒಂದು ಪೈಸೆ ಮೇಲೆ ಹೋಗಲಿಲ್ಲ. 2025ರಲ್ಲಿ ರೆಪೊ ಇಳಿಯತೊಡಗಿತು, ಫೆಬ್ರವರಿಯಲ್ಲಿ 6.25, ಡಿಸೆಂಬರ್ ಹೊತ್ತಿಗೆ 5.25. ಇಳಿಯುವಾಗ ಮಾತ್ರ ಎಸ್‌ಬಿಐಗೆ ನೆನಪಾಯಿತು, ಅದೇ ವರ್ಷ ಜೂನ್ 15ರಿಂದ 2.5. ಎಚ್‌ಡಿಎಫ್‌ಸಿ, ಐಸಿಐಸಿಐ ಕೂಡ ಅದೇ ಜೂನ್‌ನಲ್ಲಿ 2.5ಕ್ಕೆ ಬಂದವು.

ಯಾಕೆ ಹೀಗೆ? 2019ರ ಅಕ್ಟೋಬರ್ ನಂತರ ಕೊಟ್ಟ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳನ್ನು ಹೆಚ್ಚಿನ ಬ್ಯಾಂಕುಗಳು ರೆಪೊಗೆ ಕಟ್ಟಿಹಾಕಿವೆ. ರೆಪೊ ಇಳಿದರೆ ಬ್ಯಾಂಕಿನ ವರಮಾನವೂ ಮೂರು ತಿಂಗಳೊಳಗೆ ಇಳಿಯುತ್ತದೆ. ಆದರೆ ಈಗಾಗಲೇ ಇಟ್ಟ ಎಫ್‌ಡಿಯ ಬಡ್ಡಿಯನ್ನು ಮಧ್ಯದಲ್ಲಿ ಮುಟ್ಟುವ ಹಾಗಿಲ್ಲ, ಮಾತು ಕೊಟ್ಟಾಗಿದೆ. ರಾತ್ರೋರಾತ್ರಿ ಕಡಿಮೆ ಮಾಡಲು ಸಿಗುವುದು ಒಂದೇ, ಎಸ್‌ಬಿ ಖಾತೆಯ ಬಡ್ಡಿ. ಅದನ್ನು ಇಳಿಸಿದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಯಾರೂ ಖಾತೆ ಬಿಟ್ಟು ಹೋಗುವುದೂ ಇಲ್ಲ. ನಮ್ಮ ಅಮ್ಮನಂಥವರು ಇರುವವರೆಗೆ ಅದು ಅತಿ ಸೋವಿಯ ದುಡ್ಡು.

ನಮ್ಮ ಊರಿನವರಿಗೆ ಇದು ಸ್ವಲ್ಪ ಜಾಸ್ತಿಯೇ ಅನ್ವಯಿಸುತ್ತದೆ. ಬ್ಯಾಂಕ್ ಅಂದರೆ ಇಲ್ಲಿ ಮನೆಯದ್ದೇ ಅನ್ನುವ ಭಾವನೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕ್ ಶುರು ಮಾಡಿದರು, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರು ವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಆಗ ಒಂದೇ ಆಗಿದ್ದ ಜಿಲ್ಲೆಯಲ್ಲಿ ಐದು. ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಶುರು ಮಾಡಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆ ಬಾಗಿಲಿಗೇ ಹೋಯಿತು. ಬ್ಯಾಂಕೇ ಮನೆಗೆ ಬರುತ್ತಿದ್ದ ಊರು ಇದು. ಹಾಗಾಗಿ "ಅವರೇ ಫೋನ್ ಮಾಡ್ತಾರೆ" ಅಂತ ಅಮ್ಮ ನಂಬಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಐದರಲ್ಲಿ ಮೂರರ ಬೋರ್ಡ್ ಈಗ ಇಲ್ಲ. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಆಯಿತು, ಮರು ವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ ಸೇರಿತು, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಗುರ್ತದ ಮ್ಯಾನೇಜರ್ ಬೆಂಗಳೂರಿಗೋ ಭೋಪಾಲಿಗೋ ವರ್ಗವಾಗಿ ಹೋಗಿರುತ್ತಾರೆ. ಕೌಂಟರಿನಲ್ಲಿ ತುಳು ಬಿಡಿ, ಕೆಲವು ಸಲ ಕನ್ನಡವೂ ಇರುವುದಿಲ್ಲ.

ಮೊದಲು ಪಾಸ್‌ಬುಕ್ ಎಂಟ್ರಿ ಹಾಕಿಸಿ

ಮೊಬೈಲಿನಲ್ಲಿ ಬ್ಯಾಲೆನ್ಸ್ ನೋಡಿದರೆ ಸಾಕಾಗುವುದಿಲ್ಲ. ಒಂದು ವರ್ಷದ್ದಾದರೂ ಎಂಟ್ರಿ ಬೇಕು. ಬ್ರಾಂಚಿನ ಹೊರಗಿನ ಮೆಷಿನ್‌ನಲ್ಲಿ ಹಾಕಿಸಿ, ಇಲ್ಲ ಆ್ಯಪಿನಲ್ಲಿ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಎರಡು ಬಣ್ಣದ ಪೆನ್ನು ತೆಗೆದುಕೊಳ್ಳಿ. ಬ್ಯಾಂಕ್ ಕೊಟ್ಟ ಬಡ್ಡಿಗೆ ಒಂದು ಬಣ್ಣ, ಬ್ಯಾಂಕ್ ಕಿತ್ತುಕೊಂಡದ್ದಕ್ಕೆ ಇನ್ನೊಂದು.

ಹೆಚ್ಚಿನ ಬ್ಯಾಂಕುಗಳು ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಹಾಕುತ್ತವೆ. ಲೆಕ್ಕ ದಿನದ ಕೊನೆಯ ಬ್ಯಾಲೆನ್ಸ್ ಮೇಲೆ. 2010ರ ಏಪ್ರಿಲ್‌ವರೆಗೆ ಹಾಗಿರಲಿಲ್ಲ, ತಿಂಗಳ 10ನೇ ತಾರೀಖಿನಿಂದ ಕೊನೆಯವರೆಗೆ ಇದ್ದ ಅತಿ ಕಡಿಮೆ ಬ್ಯಾಲೆನ್ಸಿಗೆ ಮಾತ್ರ ಬಡ್ಡಿ. ಹಳಬರು ಈಗಲೂ "10ರ ಮೊದಲು ಹಾಕು" ಅನ್ನುವುದು ಅದಕ್ಕೇ. ಬ್ಯಾಂಕಿಗೆ ಈಗ ಅದು ಬೇಕಿಲ್ಲ, ಪೋಸ್ಟ್ ಆಫೀಸಿನ ಎಸ್‌ಬಿ ಖಾತೆಗೆ ಮಾತ್ರ ಇನ್ನೂ ಅದೇ ನಿಯಮ.

ಇನ್ನು ಕಡಿತ. ಉದಾಹರಣೆಗೆ ವರ್ಷವಿಡೀ 20,000 ಇಟ್ಟವರಿಗೆ 2.5ರಂತೆ 500 ರೂಪಾಯಿ ಬಡ್ಡಿ ಬರುತ್ತದೆ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ 200 ಅಂತ ಇಟ್ಟುಕೊಳ್ಳಿ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 236. ಎಸ್‌ಎಂಎಸ್‌ಗೆ ಮೂರು ತಿಂಗಳಿಗೆ 15, ಜಿಎಸ್‌ಟಿ ಸೇರಿ 17.70, ವರ್ಷಕ್ಕೆ 70.80. ಒಟ್ಟು 306.80 ಹೋಯಿತು. 500ರಲ್ಲಿ ಉಳಿದದ್ದು 193 ರೂಪಾಯಿ ಚಿಲ್ಲರೆ.

ಅಮ್ಮನ ಪಾಸ್‌ಬುಕ್‌ನಲ್ಲಿ ಎರಡು ಎಟಿಎಂ ಕಾರ್ಡಿನ ಶುಲ್ಕ ಇತ್ತು. ಒಂದು ಕಾರ್ಡ್ ಕಪಾಟಿನಲ್ಲಿ, ಬಂದ ಲಕೋಟೆಯೊಳಗೇ, ಇನ್ನೂ ಪಿನ್ ಕೂಡ ಮಾಡಿರಲಿಲ್ಲ. ಹೀಗೆ ಬಳಸದ ಕಾರ್ಡ್ ಇದ್ದರೆ ವಾಪಸ್ ಕೊಟ್ಟು ಬರೆಸಿಕೊಳ್ಳಿ.

ಮೇ ಕೊನೆ ಅಥವಾ ಜೂನ್ ಸುಮಾರಿಗೆ 436 ಮತ್ತು 20 ರೂಪಾಯಿ ಕಡಿತ ಕಂಡರೆ ಗಾಬರಿ ಬೇಡ. ಒಂದು ಪಿಎಂ ಜೀವನ ಜ್ಯೋತಿ ವಿಮೆ, ಇನ್ನೊಂದು ಸುರಕ್ಷಾ ಬಿಮಾ. ತಲಾ 2 ಲಕ್ಷದ ರಕ್ಷಣೆ, ಒಂದು ಜೀವಕ್ಕೆ, ಇನ್ನೊಂದು ಅಪಘಾತಕ್ಕೆ. ಅಷ್ಟು ಕಡಿಮೆಗೆ ಬೇರೆ ಎಲ್ಲಿ ಸಿಗುತ್ತದೆ ಮಾರಾಯ್ರೆ, ಅದನ್ನು ಮಾತ್ರ ನಿಲ್ಲಿಸಬೇಡಿ. ಒಂದೇ ಜನಕ್ಕೆ ಎರಡು ಬ್ಯಾಂಕಿನಲ್ಲಿ ಕಡಿತ ಆಗುತ್ತಿದೆಯಾ ಅಂತ ಮಾತ್ರ ನೋಡಿ. ಎರಡು ಕಡೆ ಕಟ್ಟಿದರೂ ಕ್ಲೇಮ್ ಸಿಗುವುದು ಒಂದೇ.

ಮಿನಿಮಮ್ ಬ್ಯಾಲೆನ್ಸ್ ದಂಡ ಕಂಡರೆ ಕೇಳಿ. ಬ್ಯಾಲೆನ್ಸ್ ಕಡಿಮೆಯಾಗಿದೆ ಅಂತ ಮೊದಲು ತಿಳಿಸಬೇಕು, ಸರಿಮಾಡಿಕೊಳ್ಳಲು ಒಂದು ತಿಂಗಳು ಕೊಡಬೇಕು, ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟೇ ದಂಡ ಹಾಕಬೇಕು, ದಂಡದಿಂದಾಗಿ ಖಾತೆ ಮೈನಸ್‌ಗೆ ಹೋಗಬಾರದು. 2015ರಿಂದಲೂ ಇರುವ ನಿಯಮ ಇದು. ಎಸ್‌ಬಿಐ ಈ ದಂಡವನ್ನು 2020ರಲ್ಲೇ ಕೈಬಿಟ್ಟಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ.

ನಂತರ, ಖಾತೆಯಲ್ಲಿ ಎಷ್ಟು ಇರಬೇಕು ಅಂತ ನಿರ್ಧರಿಸಿ

ಎಸ್‌ಬಿ ಖಾತೆಯನ್ನು ಉಳಿತಾಯ ಖಾತೆ ಅಂತ ಕರೆಯುವುದೇ ಈಗ ಸ್ವಲ್ಪ ತಮಾಷೆ. ಅಡುಗೆಮನೆಯ ಡಬ್ಬದಲ್ಲಿ ಹಾಲಿನವನಿಗೆ ಅಂತ ಇಡುವ ಚಿಲ್ಲರೆ ಇದ್ದ ಹಾಗೆ ಅದು. ಬೇಕಾದಾಗ ಕೈಗೆ ಸಿಗಬೇಕು, ಅಷ್ಟೇ ಅದರ ಕೆಲಸ. ತಿಂಗಳಿಗೆ ಮನೆಖರ್ಚು 25,000 ಆದರೆ ಎರಡು ತಿಂಗಳದ್ದು, ಅಂದರೆ 50,000 ಅಲ್ಲಿರಲಿ. ವಯಸ್ಸಾದವರು, ಆಸ್ಪತ್ರೆ ಓಡಾಟ ಇರುವವರು ಇನ್ನೊಂದು 50,000 ಜಾಸ್ತಿ ಇಡಲಿ. ರಾತ್ರಿ ಎರಡು ಗಂಟೆಗೆ ಮಣಿಪಾಲಕ್ಕೆ ಹೋಗಬೇಕಾಗಿ ಬಂದರೆ ಎಫ್‌ಡಿ ಮುರಿಯುತ್ತಾ ಕೂರಲು ಆಗುವುದಿಲ್ಲ. ಆ ಧೈರ್ಯಕ್ಕೆ ವರ್ಷಕ್ಕೆ ಒಂದೆರಡು ಸಾವಿರ ಬಡ್ಡಿ ಹೋದರೆ ಹೋಗಲಿ.

ಅದಕ್ಕಿಂತ ಮೇಲಿದ್ದದ್ದು ಏಳಬೇಕು.

ಮೂರನೆಯದು, ಬಡ್ಡಿಗಾಗಿ ಮ್ಯಾನೇಜರ್ ಹತ್ತಿರ ಚೌಕಾಸಿ ಮಾಡಬೇಡಿ

ನಾನು ಮಾಡಿದೆ, ಅದಕ್ಕೇ ಹೇಳುತ್ತಿದ್ದೇನೆ. "ಮೂವತ್ತು ವರ್ಷದ ಖಾತೆ ಸಾರ್, ಸ್ವಲ್ಪ ನೋಡಿ ಕೊಡ್ಲಿಕ್ಕೆ ಆಗುದಿಲ್ವಾ" ಅಂತ ಕೇಳಿದೆ. ಆ ಮನುಷ್ಯ ಪಾಪ ಒಳ್ಳೆಯವರೇ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ನೋಡಿ, ಎಲ್ಲಿ ಹಾಕ್ಲಿ?" ಅಂದರು. ಪರದೆಯಲ್ಲಿ ಅವಧಿ ಇತ್ತು, ಮೊತ್ತ ಇತ್ತು, ಸೀನಿಯರ್ ಸಿಟಿಜನ್ ಹೌದೋ ಅಲ್ಲವೋ ಅಂತ ಇತ್ತು. ಹಳೇ ಗ್ರಾಹಕ ಅಂತ ಬರೆಯುವ ಜಾಗವೇ ಇರಲಿಲ್ಲ.

ನಿಯಮವೂ ಹಾಗೇ ಇದೆ. ಒಂದೇ ದಿನ, ಅಷ್ಟೇ ಮೊತ್ತ, ಅಷ್ಟೇ ಅವಧಿಗೆ ಇಟ್ಟ ಇಬ್ಬರಿಗೆ ಒಂದೇ ಬ್ಯಾಂಕ್ ಬೇರೆ ಬೇರೆ ಬಡ್ಡಿ ಕೊಡುವ ಹಾಗಿಲ್ಲ. ಹಿರಿಯ ನಾಗರಿಕರು, ಬ್ಯಾಂಕಿನ ಸಿಬ್ಬಂದಿ, 3 ಕೋಟಿ ಮತ್ತು ಅದಕ್ಕಿಂತ ದೊಡ್ಡ ಠೇವಣಿ, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಒಂದು ರೀತಿಯಲ್ಲಿ ಇದು ನ್ಯಾಯವೇ. ನಿನ್ನೆ ಬಂದವನಿಗೆ ನಮಗಿಂತ ಜಾಸ್ತಿಯೂ ಸಿಗುವುದಿಲ್ಲ. ಆದರೆ ಮೂವತ್ತು ವರ್ಷಕ್ಕೆ ಬೆಲೆ ಎಷ್ಟು ಅಂತ ಕೇಳಿದರೆ, ಬಡ್ಡಿಯ ವಿಷಯದಲ್ಲಿ ಸೊನ್ನೆ. ನಷ್ಟ ಆಗುವುದು ಬ್ಯಾಂಕ್ ನಮಗೆ ಕಡಿಮೆ ಕೊಡುವುದರಿಂದಲ್ಲ, ನಾವು ಕೇಳದೆ ಬಿಡುವುದರಿಂದ.

ಅದರಲ್ಲಿ ಒಂದು, 60 ತುಂಬಿದ ಮೇಲಿನ ಎಫ್‌ಡಿ ಬಡ್ಡಿ. ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಜಾಸ್ತಿ ಸಿಗಬೇಕು. ಬ್ಯಾಂಕಿನ ದಾಖಲೆಯಲ್ಲಿ ಹುಟ್ಟಿದ ತಾರೀಖು ಸರಿ ಇದೆಯಾ ಅಂತ ನೋಡಿ. ಮೂವತ್ತು ವರ್ಷದ ಹಿಂದಿನ ಫಾರ್ಮಿನಲ್ಲಿ ಅಂದಾಜಿಗೆ ಒಂದು ಜನವರಿ 1 ಬರೆದು ಬಿಟ್ಟವರು ನಮ್ಮಲ್ಲಿ ಕಡಿಮೆಯೇನಲ್ಲ. ಎಸ್‌ಬಿ ಖಾತೆಗೆ ಮಾತ್ರ ಈ ಅರ್ಧ ಪರ್ಸೆಂಟ್ ಸಾಮಾನ್ಯವಾಗಿ ಇರುವುದಿಲ್ಲ.

ಚೌಕಾಸಿ ನಡೆಯುವ ಜಾಗ ಬೇರೆ ಇದೆ

ಲಾಕರ್. ಇದು ಕರಾವಳಿಯವರಿಗೆ ಮುಖ್ಯ, ಚಿನ್ನ ಇಲ್ಲದ ಮನೆ ಯಾವುದು. ಲಾಕರ್ ಬೇಕಾದರೆ ಎಫ್‌ಡಿ ಇಡಿ ಅಂತಾರೆ. ಮೂರು ವರ್ಷದ ಬಾಡಿಗೆ ಮತ್ತು ಬೀಗ ಒಡೆಯುವ ಖರ್ಚಿಗೆ ಸಾಕಾಗುವಷ್ಟು ಎಫ್‌ಡಿ ಕೇಳಲು ಅವರಿಗೆ ಅವಕಾಶ ಉಂಟು. ಆದರೆ ಈಗಾಗಲೇ ಲಾಕರ್ ಇದ್ದವರಿಗೆ, ಅಥವಾ ಖಾತೆ ಚೆನ್ನಾಗಿ ನಡೆಸಿಕೊಂಡು ಬಂದವರಿಗೆ ಎಫ್‌ಡಿಗೆ ಒತ್ತಾಯ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ 2021ರ ಸುತ್ತೋಲೆಯಲ್ಲೇ ಬರೆದಿದೆ. ಹಳೇ ಗ್ರಾಹಕನಿಗೆ ಅಂತ ಇರುವ ಮರ್ಯಾದೆಗಳಲ್ಲಿ ನನಗೆ ಸಿಕ್ಕಿದ್ದು ಇದೊಂದು. "ಲಾಕರ್ ಖಾಲಿ ಇಲ್ಲ" ಅಂದರೆ ವೇಟಿಂಗ್ ಲಿಸ್ಟಿನ ನಂಬರ್ ಕೇಳಿ, ಅದನ್ನೂ ಕೊಡಬೇಕು.

ಇನ್ನೊಂದು ಸಾಲ. ಗೃಹಸಾಲ 2019ಕ್ಕಿಂತ ಹಳೆಯದಾಗಿದ್ದು ಇನ್ನೂ ಬೇಸ್ ರೇಟ್ ಅಥವಾ ಎಂಸಿಎಲ್‌ಆರ್ ಅನ್ನುವ ಹಳೇ ಬಡ್ಡಿ ಲೆಕ್ಕದಲ್ಲೇ ಇದ್ದರೆ ಹೊಸಬರಿಗಿಂತ ಜಾಸ್ತಿ ಕಟ್ಟುತ್ತಿರುವ ಸಾಧ್ಯತೆ ಜೋರಾಗಿದೆ. ಅರ್ಜಿ ಕೊಟ್ಟು ರೆಪೊಗೆ ಬದಲಿಸಿಕೊಳ್ಳಿ, ಸಣ್ಣ ಶುಲ್ಕ ಇರಬಹುದು. ಈಗಾಗಲೇ ರೆಪೊದಲ್ಲಿ ಇದ್ದವರಿಗೂ, ಗ್ರಾಹಕ ಕೈತಪ್ಪದಂತೆ ಸ್ಪ್ರೆಡ್ (ರೆಪೊ ಮೇಲೆ ಬ್ಯಾಂಕ್ ಸೇರಿಸುವ ಪಾಲು) ಕಡಿಮೆ ಮಾಡಲು 2025ರ ಅಕ್ಟೋಬರ್‌ನಿಂದ ಬ್ಯಾಂಕುಗಳಿಗೆ ಅವಕಾಶ ಸಿಕ್ಕಿದೆ. ಮೊದಲು ಮೂರು ವರ್ಷ ಮುಟ್ಟುವ ಹಾಗಿರಲಿಲ್ಲ. ಫ್ಲೋಟಿಂಗ್ ಗೃಹಸಾಲವನ್ನು ಬೇರೆ ಬ್ಯಾಂಕಿಗೆ ಒಯ್ದರೆ ದಂಡವೂ ಇಲ್ಲ. ಹಾಗಾಗಿ ಇಲ್ಲಿ ಧೈರ್ಯವಾಗಿ ಬಾಯಿ ಬಿಡಬಹುದು.

ಈಗ ದುಡ್ಡನ್ನು ಎಲ್ಲಿ ಇಡುವುದು?

ಅದೇ ಬ್ಯಾಂಕಿನ ಎಫ್‌ಡಿ, ಇದು ಅತಿ ಸುಲಭ. ಆದರೆ ಎಲ್ಲವನ್ನೂ ಒಂದೇ ಗಂಟು ಮಾಡಬೇಡಿ. ಅಮ್ಮನ 3 ಲಕ್ಷವನ್ನು ಒಂದೊಂದು ಲಕ್ಷದ ಮೂರು ಎಫ್‌ಡಿ ಮಾಡಿಸಿದೆ, ಆರು ತಿಂಗಳು, ಒಂದು ವರ್ಷ, ಎರಡು ವರ್ಷ. ತುರ್ತು ಬಂದರೆ ಒಂದನ್ನು ಮುರಿದರೆ ಸಾಕು. ಮುರಿದಾಗ ಅಷ್ಟು ದಿನಕ್ಕೆ ಇದ್ದ ಬಡ್ಡಿಯಲ್ಲಿ ಅರ್ಧದಿಂದ ಒಂದು ಪರ್ಸೆಂಟ್ ಹಿಡಿಯುತ್ತಾರೆ. ಆದರೂ ಎಸ್‌ಬಿಯ 2.5ಕ್ಕಿಂತ ಸಾಮಾನ್ಯವಾಗಿ ಮೇಲೇ ಇರುತ್ತದೆ. "ಮುರಿದರೆ ನಷ್ಟ" ಅಂತ ಹೆದರಿ ಎಫ್‌ಡಿಯನ್ನೇ ಮಾಡದೆ ಕೂರುವವರು ಈ ಲೆಕ್ಕ ಹಾಕಿರುವುದಿಲ್ಲ.

ಎಫ್‌ಡಿ ಮಾಡುವಾಗ ಎರಡು ವಿಷಯ ನೋಡಿ. ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ 444 ದಿನ ಅಂತ ಹಾಕಿರುತ್ತಾರೆ, ಬಡ್ಡಿ ಅಲ್ಲಿ ಸ್ವಲ್ಪ ಜಾಸ್ತಿ. ಅವಧಿ ಮುಗಿದ ದಿನ ಆ ಸ್ಕೀಮ್ ಇರುತ್ತದೆ ಅಂತ ಏನೂ ಇಲ್ಲ. ತಾನಾಗಿ ರಿನ್ಯೂ ಆದರೆ ಆ ದಿನದ ದರ, ನೀವು ನೆನಪಿಟ್ಟುಕೊಂಡ ದರ ಅಲ್ಲ. ಇನ್ನೊಂದು, ರಿನ್ಯೂ ಮಾಡಿ ಅಂತಲೋ, ಖಾತೆಗೆ ಹಾಕಿ ಅಂತಲೋ ಯಾವ ಸೂಚನೆಯೂ ಕೊಡದೆ ಬಿಟ್ಟರೆ, ಮುಗಿದ ಎಫ್‌ಡಿಗೆ ಸಿಗುವುದು ಎಸ್‌ಬಿ ಬಡ್ಡಿ ಅಥವಾ ಹಳೇ ಎಫ್‌ಡಿ ಬಡ್ಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. 2021ರ ಜುಲೈವರೆಗೆ ಎಸ್‌ಬಿ ಬಡ್ಡಿ ಸಿಗುತ್ತಿತ್ತು, ಆಮೇಲೆ ಹೀಗಾಯಿತು. ಹಾಗಾಗಿ ಫಾರ್ಮಿನ ಆ ಟಿಕ್ ಅನ್ನು ಬೇರೆಯವರ ಕೈಗೆ ಬಿಡಬೇಡಿ.

ಆಟೋ ಸ್ವೀಪ್ ಅಂತ ಒಂದು ಉಂಟು. ಖಾತೆಯಲ್ಲಿ ಇಂತಿಷ್ಟಕ್ಕಿಂತ ಜಾಸ್ತಿ ಇದ್ದದ್ದು ತಾನಾಗಿ ಎಫ್‌ಡಿಗೆ ಹೋಗುತ್ತದೆ, ಚೆಕ್ ಬಂದರೆ ಬೇಕಾದಷ್ಟು ಮಾತ್ರ ವಾಪಸ್ ಬರುತ್ತದೆ. ಮರೆವಿನ ಜನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತಿಂಗಳಿಗೆ ನಾಲ್ಕು ಸಲ ದುಡ್ಡು ಹಾಕಿ ತೆಗೆದು ಮಾಡುವವರಿಗೆ ಲಾಭ ಕಡಿಮೆ, ಯಾಕೆಂದರೆ ಏಳು ದಿನದೊಳಗೆ ವಾಪಸ್ ಬಂದ ಎಫ್‌ಡಿಗೆ ಬಡ್ಡಿಯೇ ಇಲ್ಲ. ವಯಸ್ಸಾದವರ ಖಾತೆಗೆ ಇದನ್ನು ಹಾಕಿಸುವ ಮೊದಲು ಒಂದು ಮಾತು ಹೇಳಿಬಿಡಿ. ಪಾಸ್‌ಬುಕ್‌ನಲ್ಲಿ ಬ್ಯಾಲೆನ್ಸ್ ದಿಢೀರ್ ಕಡಿಮೆ ಕಂಡು ಅಮ್ಮನ ಗೆಳತಿ ಒಬ್ಬರು ಕಳ್ಳತನ ಆಯಿತು ಅಂತ ಅತ್ತೇ ಬಿಟ್ಟಿದ್ದರಂತೆ.

ಪೋಸ್ಟ್ ಆಫೀಸ್ ಎಸ್‌ಬಿ ಖಾತೆಗೆ 2011ರ ಡಿಸೆಂಬರ್‌ನಿಂದ 4 ಪರ್ಸೆಂಟ್. ಬ್ಯಾಂಕುಗಳು ಹಲವು ಸಲ ಇಳಿಸಿದರೂ ಅದು ಅಲ್ಲೇ ನಿಂತಿದೆ. 500 ರೂಪಾಯಿ ಇದ್ದರೆ ಸಾಕು. ಕ್ಯೂ ನಿಲ್ಲುವ ತಾಳ್ಮೆ ಬೇಕು, ಮತ್ತೆ ಬಡ್ಡಿ ವರ್ಷಕ್ಕೊಂದೇ ಸಲ. 60 ದಾಟಿದವರಿಗೆ ಅಲ್ಲೇ, ಅಥವಾ ಬ್ಯಾಂಕಿನಲ್ಲೂ, ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಿಗುತ್ತದೆ. 2023ರ ಏಪ್ರಿಲ್‌ನಲ್ಲಿ 8.2 ಆದದ್ದು 2025 ಇಡೀ ಇಳಿಯಲಿಲ್ಲ. ಐದು ವರ್ಷ, 30 ಲಕ್ಷದವರೆಗೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ. ಪಾಲಿಸಿ ಮಾರಲು ಎರಡು ಸಲ ಫೋನ್ ಮಾಡಿದವರು ಅಮ್ಮನಿಗೆ ಇದರ ಹೆಸರು ಕೂಡ ಹೇಳಿರಲಿಲ್ಲ.

ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು ಎಸ್‌ಬಿಗೆ ಜಾಸ್ತಿ ಕೊಡುತ್ತವೆ, ನಿಜ. ಆದರೆ ಸ್ಲ್ಯಾಬ್ ನೋಡಿ. ಜಾಹೀರಾತಿನ ದೊಡ್ಡ ಅಂಕಿ ಹೆಚ್ಚಾಗಿ ಕೆಲವು ಲಕ್ಷ ದಾಟಿದ ಮೇಲಿನ ಭಾಗಕ್ಕೆ ಮಾತ್ರ, ಮೊದಲ ಲಕ್ಷಕ್ಕೆ ಇಲ್ಲಿಯಂತೆಯೇ ಎರಡೂವರೆಯೋ ಮೂರೋ. ಮತ್ತೆ ಅದೂ ಇಳಿಯುವುದೇ.

ಸೊಸೈಟಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಪೇಟೆಗೆ ಹತ್ತರಂತೆ ಸಹಕಾರಿ ಸಂಘಗಳಿವೆ. ಗುರ್ತದವರೇ ಇರುತ್ತಾರೆ, ಬಡ್ಡಿಯೂ ಬ್ಯಾಂಕಿಗಿಂತ ಮೇಲೆ. ಒಳ್ಳೆಯ ಸಂಘಗಳು ತುಂಬಾ ಇವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ಠೇವಣಿ ವಿಮೆ ಉಂಟು. ಸ್ಮಾಲ್ ಫೈನಾನ್ಸ್ ಬ್ಯಾಂಕಿಗೂ, ಸಹಕಾರಿ ‘ಬ್ಯಾಂಕಿಗೂ’ ಉಂಟು. ಕ್ರೆಡಿಟ್ ಕೋ-ಆಪರೇಟಿವ್ ಸೊಸೈಟಿಗೆ ಇಲ್ಲ. ಬೋರ್ಡಿನಲ್ಲಿ ಯಾವ ಶಬ್ದ ಇದೆ ಅಂತ ಓದಿ. ಅಮ್ಮನ ದುಡ್ಡನ್ನು ನಾನು ಅಲ್ಲಿ ಇಡಲಿಲ್ಲ.

ಆ 5 ಲಕ್ಷದ್ದೇ ಇನ್ನೊಂದು ಲೆಕ್ಕ. ಅದು ಒಬ್ಬರಿಗೆ, ಒಂದು ಬ್ಯಾಂಕಿಗೆ, ಎಲ್ಲಾ ಬ್ರಾಂಚ್ ಸೇರಿ, ಅಸಲು ಬಡ್ಡಿ ಎರಡೂ ಸೇರಿ. ಮೊದಲು ಸಿಂಡಿಕೇಟಿನಲ್ಲಿ ನಾಲ್ಕು, ಕೆನರಾದಲ್ಲಿ ನಾಲ್ಕು ಲಕ್ಷ ಇಟ್ಟು ಎರಡು ಬುಟ್ಟಿಯಲ್ಲಿ ಇಟ್ಟೆ ಅಂದುಕೊಂಡವರಿಗೆ ಈಗ ಬುಟ್ಟಿ ಒಂದೇ. ದೊಡ್ಡ ಸರಕಾರಿ ಬ್ಯಾಂಕ್ ಮುಳುಗುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ವಿಮೆಯ ಲೆಕ್ಕದಲ್ಲಿ 3 ಲಕ್ಷ ಹೊರಗೆ ಉಳಿದಿದೆ ಅಂತ ಗೊತ್ತಿರಲಿ.

ಖಾತೆ ಮುಚ್ಚಬೇಡಿ, ಬರಿದು ಮಾಡಿ

ಸಿಟ್ಟಿನಲ್ಲಿ "ಅಕೌಂಟ್ ಕ್ಲೋಸ್ ಮಾಡಿ" ಅಂತ ಹೇಳುವ ಮೊದಲು ಆ ಖಾತೆಗೆ ಏನೆಲ್ಲಾ ಅಂಟಿಕೊಂಡಿದೆ ಅಂತ ಪಟ್ಟಿ ಮಾಡಿ. ಅಮ್ಮನದ್ದರಲ್ಲಿ ಗೃಹಲಕ್ಷ್ಮಿಯ 2,000 ಬರುತ್ತದೆ, ಗ್ಯಾಸಿನ ಸಬ್ಸಿಡಿ ಬರುತ್ತದೆ, ಎಲ್‌ಐಸಿ ಕಂತು ಹೋಗುತ್ತದೆ. ಸರಕಾರದ ದುಡ್ಡು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಒಂದೇ ಖಾತೆಗೆ ಬರುವುದು. ಅದನ್ನು ಬೇರೆ ಕಡೆ ಜೋಡಿಸದೆ ಮುಚ್ಚಿದರೆ ಎರಡು ತಿಂಗಳು ಅಂಗನವಾಡಿ, ಬ್ಯಾಂಕ್, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ಅಂತ ಸುತ್ತಬೇಕು. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿದ ಹಾಗೆ ಖಾತೆ ಪೋರ್ಟ್ ಮಾಡುವ ವ್ಯವಸ್ಥೆ ನಮ್ಮಲ್ಲಿಲ್ಲ.

ಹಾಗಾಗಿ ಖಾತೆ ಇರಲಿ, ದುಡ್ಡು ಹೋಗಲಿ. ಆನ್‌ಲೈನ್ ನೆಫ್ಟ್‌ಗೆ ಎಸ್‌ಬಿ ಗ್ರಾಹಕರಿಗೆ 2020ರ ಜನವರಿಯಿಂದ ಶುಲ್ಕ ಇಲ್ಲ, ಭಾನುವಾರವೂ ಹೋಗುತ್ತದೆ. ಎರಡು ವರ್ಷ ನೀವಾಗಿ ಏನೂ ವಹಿವಾಟು ಮಾಡದಿದ್ದರೆ ಖಾತೆ ಇನ್‌ಆಪರೇಟಿವ್ (ನಿಷ್ಕ್ರಿಯ) ಆಗುತ್ತದೆ, ಹತ್ತು ವರ್ಷವಾದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆಮೇಲೂ ಕೇಳಿ ಪಡೆಯಬಹುದು ಆದರೆ ಓಡಾಟ. ವರ್ಷಕ್ಕೊಮ್ಮೆ ನೂರು ರೂಪಾಯಿ ಹಾಕಿ ತೆಗೆದರೆ ಸಾಕು. ನಾಮಿನಿ ಹೆಸರೂ ಅದೇ ದಿನ ನೋಡಿಬಿಡಿ. 2025ರ ನವೆಂಬರ್‌ನಿಂದ ನಾಲ್ಕು ಜನರವರೆಗೆ ಹಾಕಬಹುದು.

ಬಡ್ಡಿಗೆ ತೆರಿಗೆ ಉಂಟು, ಎಸ್‌ಬಿ ಬಡ್ಡಿಗೆ ಟಿಡಿಎಸ್ (ಬ್ಯಾಂಕೇ ಮೊದಲು ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ. ಹಳೇ ಪದ್ಧತಿಯಲ್ಲಿ ಎಸ್‌ಬಿ ಬಡ್ಡಿಗೆ 10,000 ವಿನಾಯಿತಿ, ಹಿರಿಯರಿಗೆ ಎಫ್‌ಡಿಯದ್ದೂ ಸೇರಿ 50,000. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ.

ಪಾಲಿಸಿ ಈಗಾಗಲೇ ತಗೊಂಡಾಗಿದ್ದರೆ

ಎಫ್‌ಡಿ ಅಂದುಕೊಂಡು ಸಹಿ ಹಾಕಿ ಮನೆಗೆ ಬಂದ ಮೇಲೆ ಅದು ಇನ್ಶೂರೆನ್ಸ್ ಅಂತ ಗೊತ್ತಾದರೆ, ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ವಾಪಸ್ ಮಾಡಬಹುದು. ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. "ಮ್ಯಾನೇಜರ್ ಲೀವ್‌ನಲ್ಲಿದ್ದಾರೆ, ಮುಂದಿನ ವಾರ ಬನ್ನಿ" ಅನ್ನುತ್ತಾ ಈ 30 ದಿನ ಕಳೆದುಹೋಗುವುದೇ ಜಾಸ್ತಿ.

ಬ್ಯಾಂಕಿಗೆ ಬರೆದು ಕೊಟ್ಟ ಯಾವುದೇ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ. ಬಡ್ಡಿ ಕಡಿಮೆ ಅಂತ ಅಲ್ಲಿ ದೂರಿ ಪ್ರಯೋಜನ ಇಲ್ಲ, ಅದು ಬ್ಯಾಂಕಿನ ವ್ಯಾಪಾರದ ತೀರ್ಮಾನ. ಕೇಳದೆ ಕೊಟ್ಟ ಕಾರ್ಡ್, ತಪ್ಪು ದಂಡ, ಸುಳ್ಳು ಹೇಳಿ ಮಾರಿದ ಪಾಲಿಸಿ, ಇಂಥದ್ದಕ್ಕೆ ಹಾಕಿ.

ಅಮ್ಮನ ಕೆಲಸ ಎಲ್ಲಾ ಸೇರಿ ಒಂದು ಬೆಳಿಗ್ಗೆ ಮುಗಿಯಿತು. ಎರಡನೇ ಕಾರ್ಡ್ ವಾಪಸ್, ಮೂರು ಎಫ್‌ಡಿ, ಹುಟ್ಟಿದ ತಾರೀಖು ಸರಿ, ನಾಮಿನಿ ಸರಿ. ಬರುವಾಗ ಮ್ಯಾನೇಜರ್ "ಅವಧಿ ಮುಗಿಯುವಾಗ ನಾವೇ ಮೆಸೇಜ್ ಕಳಿಸ್ತೇವೆ ಅಮ್ಮ" ಅಂದರು. ಅಮ್ಮ ಆಯ್ತು ಅಂದರು. ಮನೆಗೆ ಬಂದು ಅಡುಗೆಮನೆಯ ಕ್ಯಾಲೆಂಡರ್ ತೆಗೆದು, ಗ್ಯಾಸ್ ಬಂದ ತಾರೀಖು, ಹಾಲಿನ ಲೆಕ್ಕದ ಪಕ್ಕದಲ್ಲೇ, ಮೊದಲನೇ ಎಫ್‌ಡಿ ಮುಗಿಯುವ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಉಳಿದ ಎರಡು ತಾರೀಖನ್ನು ಕೊನೆಯ ಹಾಳೆಯ ಹಿಂದೆ ಬರೆದಿದ್ದಾರೆ, ಹೊಸ ಕ್ಯಾಲೆಂಡರ್ ಬಂದ ಕೂಡಲೇ ಅದರಲ್ಲಿ ಹಾಕಲು.